ಬೆನ್ನುಹುರಿ ಗಾಯಕ್ಕೆ ಎಲೆಕ್ಟ್ರೋಅಕ್ಯುಪಂಕ್ಚರ್: ನೆನಪಿಡಬೇಕಾದ ಅಂಶಗಳು

1. ಅರ್ಥ: ಅಕ್ಯುಪಂಕ್ಚರ್ ಸೂಜಿಗಳಿಗೆ ತಂತಿ ಜೋಡಿಸಿ ಮಂದ ವಿದ್ಯುತ್ ಹಾಯಿಸುವ ಚಿಕಿತ್ಸೆ.

2. ಬಿಂದುಗಳು: ಬೆನ್ನುಮೂಳೆಯ ಇಕ್ಕೆಲದ ಜಿಯಾಜಿ, ನಡುಗೆರೆಯ ದು ಮಾಯ್ ನಾಳದ ಬಿಂದುಗಳು, ಮೊಣಕಾಲ ಕೆಳಗಿನ ಜುಸಾನ್‌ಲಿ.

3. ಆವರ್ತನ ಮತ್ತು ಅದರಿಂದ ದೇಹದಲ್ಲಿ ಬಿಡುಗಡೆಯಾಗುವ ನೋವುಶಾಮಕಗಳು: 2 ಹರ್ಟ್ಸ್ – ಎನ್‌ಕೆಫಲಿನ್, ಬೀಟಾ ಎಂಡಾರ್ಫಿನ್, 100 ಹರ್ಟ್ಸ್ – ಡೈನಾರ್ಫಿನ್. ಸಂಶೋಧಕ: ಚೀನಾದ ಹಾನ್ ಜಿಶೆಂಗ್.

4. ಉದ್ದೇಶ: ನರನೋವು, ಸ್ನಾಯು ಬಿಗಿತ, ಮೂತ್ರಕೋಶದ ತೊಂದರೆ ತಗ್ಗಿಸುವುದು.

5. ಪುರಾವೆ: ನರಕೋಶ ರಕ್ಷಣೆಯ ಫಲಿತಾಂಶಗಳು ಹೆಚ್ಚಾಗಿ ಇಲಿಗಳ ಮೇಲಿನ ಪ್ರಯೋಗದವು. ಶಸ್ತ್ರಚಿಕಿತ್ಸೆ, ಫಿಸಿಯೋಥೆರಪಿಗೆ ಇದು ಪೂರಕ. ಪರ್ಯಾಯ ಖಂಡಿತ ಅಲ್ಲ.

6. ಎಚ್ಚರಿಕೆ: ಪೇಸ್‌ಮೇಕರ್ ಇದ್ದವರಿಗೆ ಸಾಮಾನ್ಯವಾಗಿ ನಿಷಿದ್ಧ.

ಗೊಂದಲ ಬೇಡ:

• ಟೆನ್ಸ್ (ಚರ್ಮದ ಮೂಲಕ ನರಗಳಿಗೆ ವಿದ್ಯುತ್ ಪ್ರಚೋದನೆ) – ಚರ್ಮದ ಮೇಲೆ ಪ್ಯಾಡ್. ಎಲೆಕ್ಟ್ರೋಅಕ್ಯುಪಂಕ್ಚರ್ – ಚರ್ಮದೊಳಗೆ ಸೂಜಿ.

• ಪ್ಯಾರಾಪ್ಲೀಜಿಯಾ – ಎರಡೂ ಕಾಲುಗಳ ಪಾರ್ಶ್ವವಾಯು. ಕ್ವಾಡ್ರಿಪ್ಲೀಜಿಯಾ – ಕೈಕಾಲು ನಾಲ್ಕರದ್ದೂ.

• ಬೆನ್ನುಹುರಿ ನರಗಳು 31 ಜೊತೆ. ಕಪಾಲ ನರಗಳು 12 ಜೊತೆ.

• ಯುನೆಸ್ಕೊ ಅಮೂರ್ತ ಪರಂಪರೆ ಪಟ್ಟಿ: ಅಕ್ಯುಪಂಕ್ಚರ್ 2010, ಯೋಗ 2016.