ಕಾರು ಲಾರಿಯಲ್ಲಿ ಬಂತೆ? ನೋಡಿದ ಮೇಲೇ ಸಹಿ ಮಾಡಿ

ಮಗ ಚೆನ್ನೈಯಲ್ಲಿ ನೌಕರಿಗಿದ್ದ. ವಿದೇಶಕ್ಕೆ ವರ್ಗವಾಯಿತು. ಮೂರು ವರ್ಷ ಓಡಿಸಿದ ಕಾರನ್ನು ಮಾರುವ ಬದಲು ಊರಿಗೆ ಕಳಿಸಿದ. ಸಾಗಣೆ ಬಾಡಿಗೆ 12,000 ರೂಪಾಯಿ. ಐದಾರು ಕಾರು ಹೊತ್ತ ಉದ್ದನೆ ಲಾರಿ ಕಲಘಟಗಿ ಕಡೆಯ ನಮ್ಮೂರಿಗೆ ಬರುವಂತಿಲ್ಲ. "ಗಬ್ಬೂರು ಬೈಪಾಸಿಗೆ ಬರ್ರಿ" ಎಂದು ಫೋನು ಬಂತು. ಹೋದಾಗ ರಾತ್ರಿ ಒಂಬತ್ತೂವರೆ, ಜಿಟಿಜಿಟಿ ಮಳೆ. ಕಾರು ಇಳಿಸಿದ ಚಾಲಕ ಕಾಗದ ಚಾಚಿ, "ಲಗೂನ ಸಹಿ ಮಾಡ್ರಿ ಕಾಕಾ, ಬೆಳಗಾವಿ ಮುಟ್ಟಬೇಕು" ಅಂದ. ಮಾಡಿದೆ.

ಬೆಳಿಗ್ಗೆ ಅಂಗಳದಲ್ಲಿ ನೋಡಿದರೆ ಮುಂದಿನ ಬಂಪರ್ ಸೀಳಿದೆ, ಎಡಬಾಗಿಲು ತಗ್ಗು ಬಿದ್ದಿದೆ. ಸಾಗಣೆದಾರರಿಗೆ ಫೋನು ಹಚ್ಚಿದೆ. ಉತ್ತರ ಒಂದೇ: "ಸುಸ್ಥಿತಿಯಲ್ಲಿ ಮುಟ್ಟಿದೆ ಅಂತ ನೀವೇ ಸಹಿ ಮಾಡೀರಲ್ರಿ."

ಈ ಪೇಚಿನಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಹತ್ತಿಸುವಾಗ

ಕಾರು ತೊಳೆದು, ನಾಲ್ಕೂ ಮಗ್ಗುಲು, ಚಾವಣಿ, ಗಾಜು, ಗಾಲಿಗಳ ಫೋಟೋ ತೆಗೆಯಿರಿ. ಓಡಿದ ಕಿಲೋಮೀಟರ್ ಕಾಣುವಂತೆ ಒಂದು ಫೋಟೋ ಇರಲಿ. ಹಳೆಯ ಗೀರುಗಳನ್ನು ರಸೀದಿಯಲ್ಲೇ ಬರೆಸಿ. ಒಳಗೆ ಬೇರೆ ಸಾಮಾನು ತುಂಬಬೇಡಿ.

ಕಾರಿನ ಬೆಲೆಯನ್ನೂ ಬರೆಸಬೇಕು. 2007ರ ರಸ್ತೆ ಸಾಗಣೆ ಕಾಯಿದೆ ಮತ್ತು 2011ರ ನಿಯಮಗಳ ಪ್ರಕಾರ ಸಾಗಣೆದಾರರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ನನ್ನ ಲೆಕ್ಕದಲ್ಲಿ 1,20,000. ನಾಲ್ಕು ಲಕ್ಷದ ಕಾರು ಪೂರಾ ಹಾಳಾದರೆ ಏನು ಗತಿ? ಹೆಚ್ಚಿನ ಬೆಲೆ ತೋರಿಸಿ, ಹೆಚ್ಚಿನ ದರ ಕೊಟ್ಟು ಬರೆಸಿದರೆ ಮಾತ್ರ ಹೊಣೆ ಏರುತ್ತದೆ. "ವಿಮೆ ಸೇರಿ" ಎಂದು ದುಡ್ಡು ತಗೊಂಡರೆ ಪಾಲಿಸಿ ನಂಬರು, ಪ್ರತಿ ಕೇಳಿ ಪಡೆಯಿರಿ. ಬಾಯಿಮಾತು ಸಾಲದು.

ಇಳಿಸುವಾಗ

ಹಗಲಲ್ಲೇ ತರಿಸಿಕೊಳ್ಳಿ. ಆಗದಿದ್ದರೆ ಬ್ಯಾಟರಿ ಒಯ್ಯಿರಿ. ಸುತ್ತ ನೋಡಿ, ಕಂಡ ಪೆಟ್ಟನ್ನು ರಸೀದಿಯ ಮೇಲೇ ಬರೆದು, ಚಾಲಕನ ಸಹಿ ಹಾಕಿಸಿ, ಆಮೇಲೆ ನಿಮ್ಮ ಸಹಿ. ಲಾರಿ ನಿಂತಿದ್ದಾಗಲೇ ಫೋಟೋ ತೆಗೆಯಿರಿ. ಬರೆಯಲು ಬಿಡದಿದ್ದರೆ ಅಲ್ಲಿಂದಲೇ ಸಾಗಣೆದಾರರಿಗೆ ಸಂದೇಶ ಕಳಿಸಿ.

ಸಾಗಣೆದಾರರಿಗೆ ನೋಟೀಸು

ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟೀಸು ಮುಟ್ಟಲೇಬೇಕು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅವರ ಅಲಕ್ಷ್ಯವನ್ನು ನಾವು ಸಾಬೀತು ಮಾಡಬೇಕಾಗಿಲ್ಲ. ಕಾಯಿದೆಯೇ ಹಾಗೆ ಹೇಳುತ್ತದೆ. ಆದರೆ ಪೆಟ್ಟು ದಾರಿಯಲ್ಲೇ ಆಯಿತು ಎಂದು ತೋರಿಸಬೇಕು. ನಾನು ಸೋತದ್ದು ಅಲ್ಲೇ. ರಸೀದಿಯಲ್ಲಿ "ಮಾಲೀಕರ ಹೊಣೆ" ಎಂದು ಅಚ್ಚಾಗಿದ್ದರೆ ಹೆದರಬೇಡಿ. ಅಷ್ಟರಿಂದಲೇ ಸಾಗಣೆದಾರರು ಪಾರಾಗಲಾರರು ಎಂದು ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ.

ಕಾರಿನ ವಿಮೆ

ನನ್ನನ್ನು ಉಳಿಸಿದ್ದು ಇದು. ಪ್ಯಾಕೇಜ್ ಪಾಲಿಸಿ ಇದ್ದರೆ ರಸ್ತೆ, ರೈಲಿನಲ್ಲಿ ಸಾಗಿಸುವಾಗ ಆದ ಪೆಟ್ಟಿಗೂ ಪರಿಹಾರವುಂಟು. ಬರೇ ಥರ್ಡ್ ಪಾರ್ಟಿ ಇದ್ದರೆ ಇಲ್ಲ. ತಕ್ಷಣ ತಿಳಿಸಿ, ಸರ್ವೇಯರ್ ನೋಡುವವರೆಗೆ ರಿಪೇರಿ ಮಾಡಿಸಬೇಡಿ. ಪಾಲಿಸಿ ಮಗನ ಹೆಸರಲ್ಲಿತ್ತು. ಅರ್ಜಿಗೆ ಅವನ ಸಹಿ, ನನಗೊಂದು ಅಧಿಕಾರ ಪತ್ರ ಬೇಕಾಯಿತು. ಚೆನ್ನೈಯಲ್ಲಿ ಅವನು ತೆಗೆದಿಟ್ಟಿದ್ದ ಫೋಟೋಗಳೇ ಸಾಕ್ಷಿಯಾದವು.

ಹುಬ್ಬಳ್ಳಿಯ ಗ್ಯಾರೇಜಿನ ಬಿಲ್ಲು ಹೀಗಿತ್ತು: ಬಂಪರ್ 6,000, ತಗಡಿನ ಕೆಲಸದ ಕೂಲಿ 5,000, ಬಣ್ಣ 8,000, ಒಟ್ಟು 19,000. ಪ್ಲಾಸ್ಟಿಕ್, ರಬ್ಬರ್ ಭಾಗಕ್ಕೆ ಅರ್ಧ ಸವಕಳಿ. ಅಲ್ಲಿ 3,000 ಹೋಯಿತು. ಬಣ್ಣದ ಸಾಮಗ್ರಿಯಲ್ಲಿ 1,000 ಕಡಿತ. ಸಣ್ಣ ಕಾರಿಗೆ ಮಾಲೀಕರೇ ಭರಿಸಬೇಕಾದ 1,000. ಕೈಗೆ ಬಂದದ್ದು 14,000. ಮೇಲಾಗಿ, ಕ್ಲೇಮ್ ಮಾಡದವರಿಗೆ ಸಿಗುವ ಬೋನಸ್ ರಿಯಾಯಿತಿಯೂ ಹೋಯಿತು. ಅದಕ್ಕೇ, ಪೆಟ್ಟು ಸಣ್ಣದಿದ್ದರೆ ಮೊದಲು ಈ ಎರಡು ಲೆಕ್ಕ ಹೋಲಿಸಿ ನೋಡಿ.

ಬೆಂಗಳೂರಿನಿಂದಲೋ ಪುಣೆಯಿಂದಲೋ ಹಳೆ ಕಾರು ಕೊಂಡು ತರಿಸುವವರು ಇನ್ನೊಂದು ನೆನಪಿಡಬೇಕು. ಕೊಂಡ 14 ದಿನದೊಳಗೆ ಪಾಲಿಸಿ ನಿಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಿ. ಥರ್ಡ್ ಪಾರ್ಟಿ ವಿಮೆ ತಾನಾಗಿ ಬರುತ್ತದೆ. ಕಾರಿನ ಸ್ವಂತ ಪೆಟ್ಟಿನ ವಿಮೆ ಹಾಗೆ ಬರುವುದಿಲ್ಲ.

ಒಪ್ಪದಿದ್ದರೆ

ವಿಮಾ ಕಂಪನಿ ನಿರಾಕರಿಸಿದರೆ ಮೊದಲು ಅವರಿಗೇ ಬರೆಯಿರಿ. ತಿಂಗಳಾದರೂ ಸರಿಹೋಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಖರ್ಚಿಲ್ಲ, ವಕೀಲರೂ ಬೇಡ. ಸಾಗಣೆದಾರರ ಮೇಲಿನ ದೂರಿಗೆ ಧಾರವಾಡ ಜಿಲ್ಲಾ ಗ್ರಾಹಕರ ಆಯೋಗವಿದೆ. ಎರಡು ವರ್ಷದೊಳಗೆ ಹೋಗಬೇಕು.

ನಮಗೆಲ್ಲಿ ಕಾರು ಬರ್ತದ ಎನ್ನಬೇಡಿ. ಲಾರಿಗೆ ಹಾಕಿದ ಪವರ್ ಟಿಲ್ಲರಿಗೂ, ಬ್ಯಾಡಗಿಗೆ ಹೋಗುವ ಮೆಣಸಿನಕಾಯಿ ಚೀಲಕ್ಕೂ ಸಾಗಣೆ ಕಾಯಿದೆ ಇದೇ. ಅಲ್ಲೂ ಕೇಳುವುದು ರಸೀದಿಯಲ್ಲಿ ಏನು ಬರೆದಿದೆ ಎಂದೇ. ಚಾಲಕನಿಗೆ ಅವಸರ ಇದ್ದೇ ಇರುತ್ತದೆ. ಆ ಕಾಲು ಗಂಟೆ ನಾವು ಅವಸರ ಮಾಡಬಾರದು.