ಕಂತು ಮುಗಿಸಿ, ಆಮೇಲೆ ಟಿವಿ ನೋಡಿ

ಮೊದಲು ಹರಿಹರದ ಹೊಳೆ ದಂಡೆಯ ಮನೆ, ಆಮೇಲೆ ದಾವಣಗೆರೆ. ಎರಡೂ ಊರಲ್ಲಿ ಕೂತು ವಾರಪತ್ರಿಕೆಗಳಿಗೆ ಕಾದಂಬರಿ ಬರೆದವಳು ನಾನು. ಡಿಸೆಂಬರ್ ಬಂತೆಂದರೆ ಬೆಳಿಗ್ಗೆ ಕೌದಿ ಬಿಡುವುದಿಲ್ಲ, ಸಂಜೆ ಟಿವಿ ಏಳಗೊಡುವುದಿಲ್ಲ. ಬರೆಯುವ ತಂಗಿಯರೇ, ನಿಮಗೆ ಮನಸ್ಸಿದೆ, ಜೊತೆಗೆ ಮರೆವೂ ಇದೆ. ಅದಕ್ಕೇ ಈ ನಾಲ್ಕು ಮಾತು.

• ಬೆಳಗಿನ ಬೆಳಕನ್ನು ಬರವಣಿಗೆಗೆ ಎತ್ತಿಡಿ. ಡಿಸೆಂಬರ್ ಕೊನೆಗೆ ನಮ್ಮ ಕಡೆ ಹಗಲು 11 ಗಂಟೆ ಚಿಲ್ಲರೆ ಮಾತ್ರ. ದೀಪ ಹಚ್ಚುವ ಹೊತ್ತಿಗೇ ಧಾರಾವಾಹಿಗಳೂ ಶುರು. ಬೆಳಿಗ್ಗೆ ಎರಡು ಪುಟ ಆಗಿದ್ದರೆ ಸಂಜೆ ನಿಶ್ಚಿಂತೆಯಿಂದ ಕೂರಬಹುದು.

• ಸಂಜೆಗೆ ಒಂದೇ ಧಾರಾವಾಹಿ ಆರಿಸಿಕೊಳ್ಳಿ. ಅರ್ಧ ಗಂಟೆಯದು ನಾಲ್ಕು ನೋಡಿದರೆ ದಿನಕ್ಕೆ 2 ತಾಸು, ಐದು ದಿನಕ್ಕೆ 10 ತಾಸು. ನಿಮ್ಮ ಒಂದು ಕಂತು ಅಷ್ಟರಲ್ಲಿ ಬರೆದು, ತಿದ್ದಿ, ಮುಗಿಯುತ್ತದೆ.

• ನೋಡುವಾಗ ಕೊನೆಯ ಎರಡು ನಿಮಿಷ ಕಣ್ಣಿಟ್ಟು ನೋಡಿ. 1998ರಲ್ಲಿ ಚಂದನದಲ್ಲಿ ‘ಮಾಯಾಮೃಗ’ ಬರುತ್ತಿದ್ದಾಗ, ಯಾರ ಯಾವ ಮಾತಿಗೆ ಕಂತು ನಿಲ್ಲಿಸಿದರು ಅಂತ ನಾನು ಗಮನಿಸುತ್ತಿದ್ದೆ. ವಾರಪತ್ರಿಕೆಯ ಓದುಗರನ್ನು ಮುಂದಿನ ವಾರದ ತನಕ ಕಾಯಿಸುವುದೂ ಅದೇ ಕೆಲಸ.

• ಹಳೆಯ ಸಿನಿಮಾ ಬಂದರೆ ಪೆನ್ಸಿಲ್ ಹಿಡಿದು ಕೂರಿ. 1972ರ ‘ನಾಗರಹಾವು’ ತ.ರಾ.ಸು. ಅವರ ಮೂರು ಕಾದಂಬರಿಗಳಿಂದ ಆದದ್ದು. ಪುಟ್ಟಣ್ಣ ಕಣಗಾಲ್ ಏನು ಉಳಿಸಿದರು, ಏನು ಬಿಟ್ಟರು ಅಂತ ಗುರುತು ಹಾಕಿಕೊಂಡರೆ, ನಿಮ್ಮ ಬರಹದಲ್ಲಿ ಹೆಚ್ಚಾದದ್ದು ತಾನಾಗಿ ಕಾಣುತ್ತದೆ.

• ಮಂಡಕ್ಕಿ, ಮೆಣಸಿನಕಾಯಿ ಟಿವಿ ಮುಂದೆ ತಿನ್ನಿ, ಹಾಳೆಯ ಮುಂದೆ ಬೇಡ. ದಾವಣಗೆರೆಯ ಚಳಿಗೆ ಅದಿಲ್ಲದೆ ಆಗದು, ಗೊತ್ತು. ಆದರೆ ಎಣ್ಣೆ ಕೈ ತಾಗಿದ ಜಾಗದಲ್ಲಿ ಪೆನ್ನು ಓಡುವುದಿಲ್ಲ, ಇಡೀ ಪುಟ ಮತ್ತೆ ಬರೆಯಬೇಕು.

• ಹಸ್ತಪ್ರತಿಗೆ ಒಂದೇ ಜಾಗ ಗೊತ್ತು ಮಾಡಿ. 1987ರ ಚಳಿಗಾಲದ ಒಂದು ಭಾನುವಾರ, ‘ರಾಮಾಯಣ’ ನೋಡಲು ವಠಾರದವರೆಲ್ಲ ನಮ್ಮ ಪಡಸಾಲೆಯಲ್ಲಿದ್ದರು. ಬರೆದ ಹಾಳೆ ಟಿವಿ ಮೇಲಿಟ್ಟು ಚಹಾ ಮಾಡಲು ಹೋದೆ. ಬರುವಷ್ಟರಲ್ಲಿ ಮೂರು ಹಾಳೆ ಮಕ್ಕಳ ಕೈಯಲ್ಲಿ ದೋಣಿಯಾಗಿದ್ದವು. ಮತ್ತೆ ಬರೆದೆ, ಆದರೆ ಮೊದಲಿನ ಹಾಗೆ ಬರಲೇ ಇಲ್ಲ.

• ಹೊಳೆ ಹತ್ತಿರ ಮನೆಯಿದ್ದರೆ ರಾತ್ರಿ ಹಾಳೆಗಳನ್ನು ಟ್ರಂಕಿಗೆ ಹಾಕಿ. ತುಂಗಭದ್ರೆಯ ಕಡೆಯ ಇಬ್ಬನಿಗೆ ಕಾಗದ ಮೆತ್ತಗಾಗಿ ಶಾಯಿ ಹರಡುತ್ತದೆ. ಕಂಪ್ಯೂಟರಿನಲ್ಲಿ ಬರೆಯುವವರು ಇನ್ನೊಂದು ಪ್ರತಿ ತೆಗೆದಿಡಿ. ಕರೆಂಟು ಹೇಳಿ ಹೋಗುವುದಿಲ್ಲ.

• ಜಾಹೀರಾತಿನ ಹೊತ್ತಲ್ಲಿ ಬರೆಯಲು ಹೋಗಬೇಡಿ. ಎರಡು ಸಾಲಿಗೆ ಕಥೆಯೊಳಗೆ ಇಳಿಯುವುದು ಆಗದ ಮಾತು. ಅವರೆಕಾಳು ಸುಲಿಯಿರಿ, ಬಟ್ಟೆ ಮಡಚಿ. ಮರುದಿನ ಬೆಳಿಗ್ಗೆ ಅಷ್ಟು ಹೊತ್ತು ಉಳಿಯುತ್ತದೆ.

• ಬಸ್ಸಿನಲ್ಲಿ ಫೋನು ಚೀಲದೊಳಗಿಡಿ. ದಾವಣಗೆರೆಯಿಂದ ಹರಿಹರ ಸುಮಾರು 14 ಕಿಲೋಮೀಟರ್. ಅಷ್ಟು ದೂರದಲ್ಲಿ ಒಂದು ಸನ್ನಿವೇಶ ಮನಸ್ಸಿನಲ್ಲಿ ಕೂಡಿಬರುತ್ತದೆ. ಟಿಕೆಟಿನ ಹಿಂದೆ ಬರೆದು ಕಳೆದುಕೊಳ್ಳಬೇಡಿ, ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ.

• ಸಂಕ್ರಾಂತಿಯ ಕಂತನ್ನು ಜನವರಿ ಮೊದಲ ವಾರವೇ ಕಳಿಸಿಬಿಡಿ. ಹೊಳೆ ಸ್ನಾನ, ಹರಿಹರೇಶ್ವರನ ದರ್ಶನ ಅಂತ ನೆಂಟರು ಬಂದೇ ಬರುತ್ತಾರೆ. ಬಂದವರ ಮುಂದೆ ಹಾಳೆ ಹಿಡಿದು ಕೂತರೆ ಅವರಿಗೂ ಮುಜುಗರ, ನಿಮಗೂ ಕಿರಿಕಿರಿ.

• ರಾತ್ರಿ ಟಿವಿಯನ್ನು ಗೋಡೆಯ ಸ್ವಿಚ್ಚಿನಲ್ಲೇ ಆರಿಸಿ. ಆ ಕೆಂಪು ದೀಪವೂ ಕರೆಂಟು ತಿನ್ನುತ್ತದೆ. ಮತ್ತೆ ಹಾಕಲು ಏಳಬೇಕಲ್ಲ ಎಂಬ ಸೋಮಾರಿತನ ಬೇಗ ಮಲಗಿಸುತ್ತದೆ.

• ಬರೆಯುವುದನ್ನು ಸನ್ನಿವೇಶದ ನಡುವೆ ನಿಲ್ಲಿಸಿ. ಪೂರ್ತಿ ಮುಗಿಸಿ ಮಲಗಿದರೆ ಬೆಳಿಗ್ಗೆ ಖಾಲಿ ಹಾಳೆ ನೋಡಿ ಮತ್ತೆ ಕೌದಿ ಎಳೆದುಕೊಳ್ಳುತ್ತೀರಿ. ಯಾರಾದರೂ ಬಾಗಿಲು ತಟ್ಟಿದಲ್ಲಿಗೆ ಬಿಟ್ಟಿದ್ದರೆ, ಬಾಗಿಲು ತೆಗೆಯಲಾದರೂ ಏಳುತ್ತೀರಿ.

• ಮನಸ್ಸಿನಲ್ಲಿರುವ ದೊಡ್ಡ ಪುಸ್ತಕವನ್ನು ಮುಂದಿನ ಚಳಿಗಾಲಕ್ಕೆ ಅಂತ ತಳ್ಳಬೇಡಿ. ಇಲ್ಲೇ ಮಲೇಬೆನ್ನೂರಿನಲ್ಲಿ 1920ರಲ್ಲಿ ಹುಟ್ಟಿದವರು ತ.ರಾ.ಸು. 1984ರಲ್ಲಿ ತೀರಿಕೊಂಡರು. ‘ದುರ್ಗಾಸ್ತಮಾನ’ಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ಪ್ರಶಸ್ತಿ ತಡವಾಯಿತು, ಆದರೆ ಅವರು ಪುಸ್ತಕ ತಡಮಾಡಲಿಲ್ಲ. ಅದಕ್ಕೇ ಅದು ಇವತ್ತು ನಮ್ಮ ಕೈಯಲ್ಲಿದೆ. ಏಳಿ, ಬಿಸಿಲು ಬಂತು.