ಹೆಗಲೇರುವ ದೋಣಿ: ಬಯಲುಸೀಮೆ ಕಲಿಸಿದ ಏಳು ಪಾಠ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದರೆ ಜನಕ್ಕೆ ಮೊದಲು ನೆನಪಾಗುವುದು ಬರ. ಇಲ್ಲಿ ಕೂತು ಗಾಳಿ ತುಂಬುವ ದೋಣಿ ಮಾಡುತ್ತೇನೆಂದರೆ ನಗುವವರೇ ಹೆಚ್ಚು. ಆದರೆ ಮಡಚಿ ಬೆನ್ನಿಗೇರಿಸುವ ದೋಣಿಯನ್ನು ನೀರಿಗಿಂತ ನೆಲವೇ ಹೆಚ್ಚು ಸತಾಯಿಸುತ್ತದೆ. ಅಂಥ ನೆಲಕ್ಕೆ ನಮ್ಮಲ್ಲಿ ಬರವಿಲ್ಲ.

1. ಮೊದಲು ಹೊಳೆ ನೋಡಿ, ಆಮೇಲೆ ಬಟ್ಟೆ ಕತ್ತರಿಸಿ. ಜಯಮಂಗಲಿ ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿ ಸೀಮೆ ಹಾಯ್ದು, ಆಂಧ್ರದ ಪರಿಗಿ ಬಳಿ ಉತ್ತರ ಪಿನಾಕಿನಿಗೆ ಸೇರುತ್ತದೆ. ಉತ್ತರೆ, ಹಸ್ತ, ಚಿತ್ತೆ ಮಳೆ ಕೈಹಿಡಿದರೆ ಹರಿವು, ಇಲ್ಲವಾದರೆ ಮರಳು. ಮೊಣಕಾಲುದ್ದ ನೀರಿನಲ್ಲಿ ತಳ ಬಂಡೆಗೆ ಉಜ್ಜಿಯೇ ಉಜ್ಜುತ್ತದೆ. ಹಾಗಾಗಿ ಗಾಳಿ ತುಂಬುವ ಕೊಳವೆಗೆ ತೆಳು ಬಟ್ಟೆ, ತಳಕ್ಕೆ ದಪ್ಪ ಬಟ್ಟೆ.

2. ಕೊಳವೆಯ ದಪ್ಪದಲ್ಲಿ ಜಿಪುಣತನ ಬೇಡ. 25 ಸೆಂ.ಮೀ. ವ್ಯಾಸದ ಕೊಳವೆ ದೋಣಿಯ ಸುತ್ತ 5 ಮೀಟರ್ ಓಡಿದರೆ ಸುಮಾರು 245 ಲೀಟರ್ ಗಾಳಿ. ಅದು ಅರ್ಧ ಮುಳುಗಿದಾಗ ಹೊರುವುದು 120 ಕೆ.ಜಿ. ಆಸುಪಾಸು. ವ್ಯಾಸವನ್ನು 30ಕ್ಕೆ ಏರಿಸಿ: ಬಟ್ಟೆ ಶೇ. 20 ಹೆಚ್ಚು, ಗಾಳಿ ಶೇ. 44 ಹೆಚ್ಚು. ತೂಕ ಉಳಿಸಬೇಕಿದ್ದರೆ ಸೀಟು, ಕೊಂಡಿ, ಹಗ್ಗಗಳಲ್ಲಿ ಉಳಿಸಿ.

3. ಹಿಂಭಾಗ ಉಬ್ಬಿರಲಿ. ಕೂತವರ ಭಾರ ಹಿಂದಕ್ಕೇ ಬೀಳುತ್ತದೆ. ಅಲ್ಲಿ ಗಾಳಿ ಸಾಲದಿದ್ದರೆ ಅಲೆ ಏರುವಾಗ ಮೂತಿ ಆಕಾಶ ನೋಡಿ ದೋಣಿ ಹಿಂದಕ್ಕೆ ಮಗುಚುತ್ತದೆ. ನಮ್ಮ ಕೆರೆಗಳಲ್ಲಿ ಇದು ಗೊತ್ತಾಗುವುದಿಲ್ಲ. ಸೂಪಾ ಅಣೆಕಟ್ಟೆಯ ಕೆಳಗೆ ಗಣೇಶಗುಡಿಯ ಕಾಳಿ ನದಿಯಂಥ ಕಡೆ ನುರಿತವರ ಜೊತೆ ಇಳಿಸಿ ನೋಡಬೇಕು. ಅಲ್ಲಿ ನೀರಿನ ಮಟ್ಟ ವಿದ್ಯುತ್ ಉತ್ಪಾದನೆಗೆ ಬಿಡುವ ನೀರನ್ನು ಅವಲಂಬಿಸಿದೆ, ವಿಚಾರಿಸಿಯೇ ಹೊರಡಿ.

4. ಬೆಸುಗೆಯನ್ನು ಕಿತ್ತು ನೋಡಿ. ಟಿಪಿಯು ಎಂಬ ಪ್ಲಾಸ್ಟಿಕ್ ಲೇಪದ ನೈಲಾನ್ ಬಟ್ಟೆಯನ್ನು ಇಸ್ತ್ರಿ ಶಾಖದಲ್ಲೇ ಬೆಸೆಯಬಹುದು. ಮೊದಲು ಚೂರು ಬಟ್ಟೆಗಳನ್ನು ಬೆಸೆದು, ತಣ್ಣಗಾದ ಮೇಲೆ ಎರಡೂ ತುದಿ ಹಿಡಿದು ಸುಲಿಯಿರಿ. ಲೇಪವೇ ನೂಲಿನಿಂದ ಕಿತ್ತು ಬಂದರೆ ಶಾಖ ಸರಿ. ಎರಡು ಪದರ ನುಣ್ಣಗೆ ಬಿಡಿಸಿಕೊಂಡರೆ ಶಾಖ ಸಾಲದು. ಒಂದರ ಮೇಲೊಂದು ಹೊದೆಸಿದ ಅಂಚು ಎಳೆತ ತಡೆಯುತ್ತದೆ. ಎದುರುಬದುರು ಅಂಟಿಸಿದ್ದು ಸುಲಿದುಕೊಳ್ಳುತ್ತದೆ.

5. ಬಿಸಿಲನ್ನು ನಂಬಬೇಡಿ. 25 ಡಿಗ್ರಿಯಲ್ಲಿ 2 ಪಿಎಸ್‌ಐ ತುಂಬಿದ ಕೊಳವೆ ಬಿಸಿಲಿಗೆ 50 ಡಿಗ್ರಿಗೆ ಕಾದರೆ, ಬಟ್ಟೆ ಹಿಗ್ಗದಿದ್ದಲ್ಲಿ ಒತ್ತಡ 3 ಪಿಎಸ್‌ಐ ದಾಟುತ್ತದೆ. ಬಾಯಿಬಿಡುವುದು ಬೆಸುಗೆ. ದಡಕ್ಕೆ ಬಂದ ಕೂಡಲೇ ಸ್ವಲ್ಪ ಗಾಳಿ ಬಿಡಿ. ನೀರಿಗಿಟ್ಟಾಗ ತಂಪಿಗೆ ದೋಣಿ ಮೆತ್ತಗಾದರೆ ತೂತೆಂದು ಗಾಬರಿಯಾಗಬೇಡಿ, ಇನ್ನಷ್ಟು ಊದಿ.

6. ಮುಳ್ಳಿಗೆ ಸಿದ್ಧರಾಗಿರಿ. ಲಾರಿ ಟ್ಯೂಬಿನ ಮೇಲೆ ಕೂತು ಕೆರೆಗೆ ಬಲೆ ಬಿಡುವವರ ದಪ್ಪ ರಬ್ಬರ್ ತಾಳುವುದನ್ನು ಹಗುರ ಬಟ್ಟೆ ತಾಳುವುದಿಲ್ಲ. ಗಾಳಿ ತುಂಬುವ ಜಾಗ ಗುಡಿಸಿ, ಒಂದು ಹಾಳೆ ಹಾಸಿ. ಆದರೂ ತೂತಾದರೆ ಸೋಪಿನ ನೊರೆ ಸವರಿ ಗುಳ್ಳೆ ಏಳುವ ಕಡೆ ಗುರುತು ಮಾಡಿ, ಒರೆಸಿ ಒಣಗಿಸಿ ತೇಪೆ ಹಾಕಿ. ಒದ್ದೆಯ ಮೇಲೆ ಅಂಟು ಸರಿಯಾಗಿ ನಿಲ್ಲುವುದಿಲ್ಲ.

7. ವಿನ್ಯಾಸ ಎಲ್ಲವನ್ನೂ ಗೆಲ್ಲುವುದಿಲ್ಲ. ಹೊಳೆ ವರ್ಷಗಟ್ಟಲೆ ಒಣಗಿದಾಗ ಪಾತ್ರದಲ್ಲೇ ಬಳ್ಳಾರಿ ಜಾಲಿ ಬೆಳೆಯುತ್ತದೆ. ನೆರೆ ಬಂದಾಗ ನೀರು ಪೊದೆಯ ನಡುವೆ ನುಸುಳುತ್ತದೆ, ಮನುಷ್ಯ ಸಿಕ್ಕಿಬೀಳುತ್ತಾನೆ. ಚೆಕ್ ಡ್ಯಾಂ ಇನ್ನೂ ಅಪಾಯ: ಮೇಲಿನಿಂದ ಪುಟ್ಟ ಧುಮುಕಿನಂತೆ ಕಾಣುತ್ತದೆ, ಕೆಳಗೆ ನೀರು ಗೋಡೆಯತ್ತ ಹಿಂದಕ್ಕೆ ಸುತ್ತುತ್ತಾ ದೋಣಿಯನ್ನೂ ಜನರನ್ನೂ ಹಿಡಿದಿಡುತ್ತದೆ. ಲೈಫ್ ಜಾಕೆಟ್ ತೊಟ್ಟವರನ್ನೂ ಅದು ಬಿಡುವುದಿಲ್ಲ. ಇಂಥಲ್ಲಿ ಮುಂಚೆಯೇ ದಡ ಸೇರಿ, ದೋಣಿ ಹೆಗಲಿಗೇರಿಸಿ, ಸುತ್ತಿ ಬನ್ನಿ. ಎರಡು, ಮೂರು ಕೆ.ಜಿ.ಗೆ ಇಳಿಸಲು ಇಷ್ಟೆಲ್ಲ ಒದ್ದಾಡಿದ್ದು ಅದಕ್ಕೇ: ದೋಣಿ ಭಾರವಿದ್ದರೆ ಇಳಿದು ನಡೆಯಲು ಸೋಮಾರಿತನ ಬರುತ್ತದೆ.